ಕೈಹತ್ಯಾರುಗಳ ಕೊಳ್ಳುವ ಬೆಲೆಯೂ ಮಾರುವ ಬೆಲೆಯೂ

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ತಾಲೂಕುಗಳಲ್ಲಿ ಮಳೆಗಾಲಕ್ಕೆ ಮುಂಚೆ ಗುದ್ದಲಿ, ಕತ್ತಿ, ಹಾರೆಗಳನ್ನು ಆಳುಗಳಿಗಾಗಿ ಒಟ್ಟಿಗೆ ಕೊಳ್ಳುವ ಜಮೀನುದಾರರು ಅನೇಕರಿರುವರು. ಅವರಲ್ಲಿ ಕೆಲವರು ಅಗ್ಗದ್ದನ್ನೇ ಆರಿಸುವರು. ಬೇರೆ ಕೆಲವರು ಬೇಡವಾದಾಗ ಮಾರಿಕೊಳ್ಳಬಹುದೆಂದು ಹೆಚ್ಚು ಬೆಲೆಯದನ್ನು ತರುವರು. ಎರಡೂ ಅರ್ಧ ಲೆಕ್ಕಗಳೇ ಸರಿ. ಕೊಂಡ ಬೆಲೆಯಲ್ಲಿ ಮಾರಿದ ಬೆಲೆಯನ್ನು ಕಳೆದು, ಉಳಿದುದನ್ನು ಹತ್ಯಾರು ದುಡಿದ ವರ್ಷಗಳಿಗೆ ಹಂಚಿದರೆ ಬರುವ ಮೊತ್ತವೇ ಅದರ ನಿಜವಾದ ಖರ್ಚು.

250 ರೂಪಾಯಿಯ ಒಂದು ಗುದ್ದಲಿಯು 2 ವರ್ಷ ದುಡಿದು ಗುಜರಿಗೆ 30 ರೂಪಾಯಿಗೆ ಹೋಯಿತೆಂದು ಎಣಿಸೋಣ. ವರ್ಷದ ಖರ್ಚು 110 ರೂಪಾಯಿ. 600 ರೂಪಾಯಿಯ ಇನ್ನೊಂದು 6 ವರ್ಷ ದುಡಿದು 120 ರೂಪಾಯಿಗೆ ಮಾರಾಟವಾದರೆ ವರ್ಷಕ್ಕೆ 80 ರೂಪಾಯಿ ಮಾತ್ರ. ಆದರೆ ಈ ಎರಡನೆಯದನ್ನು ಒಂದೇ ವರ್ಷದಲ್ಲಿ 350 ರೂಪಾಯಿಗೆ ಕೊಟ್ಟುಬಿಟ್ಟರೆ ನಷ್ಟವು 250 ರೂಪಾಯಿ, ಅಂದರೆ ಅಗ್ಗದ ಗುದ್ದಲಿಯನ್ನು ಕೊಂಡು ಬಿಸಾಡಿದಷ್ಟು. ಇಟ್ಟುಕೊಂಡು ದುಡಿಸುವವನಿಗೆ ಮಾತ್ರ ಹೆಚ್ಚು ಬೆಲೆಯು ಹುಟ್ಟುವದು.

ಹಳೆಯ ಹತ್ಯಾರನ್ನು ಕೊಳ್ಳುವವನು ಬಣ್ಣವನ್ನಾಗಲಿ ಮುದ್ರೆಯನ್ನಾಗಲಿ ನೋಡುವದು ಕಡಿಮೆ. ಬಾಯಲ್ಲಿ ಎಷ್ಟು ಉಕ್ಕು ಉಳಿದಿದೆ, ಕಾವು ಕೂರುವ ತೂತು ಬಿರಿದಿದೆಯೋ ಎಂಬುದನ್ನು ನೋಡುವನು. ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಕಾಲು ಪಾಲಿಗಿಂತ ಕಡಿಮೆಯಿರುವದರಿಂದ, ಕಮ್ಮಾರನು ಅದನ್ನು ಕಾಸಿ ನೀರಿಗೆ ಅದ್ದಿದರೂ ಸಾಕಷ್ಟು ಗಡಸಾಗದು. ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ಇಂಗಾಲವುಳ್ಳ ಉಕ್ಕನ್ನು ಮತ್ತೆ ಮತ್ತೆ ಹಣಿಸಿ ಹದ ಮಾಡಬಹುದು. ಆದುದರಿಂದ ಅದಕ್ಕೆ ಗುಜರಿಯ ತೂಕದ ಬೆಲೆಗಿಂತ ಮೇಲಾದ ಬೆಲೆ ಬರುವದು. ಅಂಗಡಿಯಲ್ಲಿಯೇ ಒಂದು ಹೊಸ ಅರವನ್ನು ಬಾಯಿಗೆ ತಿಕ್ಕಿ ನೋಡತಕ್ಕದ್ದು. ಅರವು ಸರಾಗವಾಗಿ ಕಚ್ಚಿ ಪುಡಿ ಉದುರಿಸಿದರೆ ಉಕ್ಕು ಮೆದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಡಸು, ಕಲ್ಲಿಗೆ ತಾಗಿದರೆ ಚಕ್ಕೆಯೇಳುವದು. ಪ್ರಯಾಸದಿಂದ ಕಚ್ಚುವದೇ ಉತ್ತಮ. ಲಾರಿಯ ಹಳೆಯ ಕಮಾನುಪಟ್ಟಿಯಿಂದ ಊರ ಕಮ್ಮಾರನು ಬಡಿದ ಕತ್ತಿಯು ಈ ಪರೀಕ್ಷೆಯಲ್ಲಿ ಪೇಟೆಯ ಎಷ್ಟೋ ಕತ್ತಿಗಳನ್ನು ಸೋಲಿಸುವದುಂಟು. ಕಾವಿಗೆ ತಡಸಲು ಅಥವಾ ದಿಂಡಿಗದ ಮರವು ಯೋಗ್ಯವಾದುದು.

ಹಲ್ಲುಳ್ಳ ಕುಡಗೋಲಿಗೆ ಮಾರುವ ಬೆಲೆಯು ಇಲ್ಲವೆಂದೇ ಎಣಿಸಬೇಕು. ಹಾಗಾದರೂ ಭತ್ತದ ಕೊಯ್ಲಿಗೆ ಅದನ್ನು ಬಿಡಬಾರದು. ಅದು ಹಗುರಾಗಿದ್ದು, ನಡುನಡುವೆ ಮಸೆಯುವ ಕೆಲಸವಿಲ್ಲ. 8 ತಾಸಿಗೆ 400 ರೂಪಾಯಿ ಕೂಲಿಯೆಂದು ಹಿಡಿದರೆ, 10 ಆಳುಗಳು ದಿನಕ್ಕೆ ಅರ್ಧ ತಾಸು ಮಸೆಯುತ್ತ ಕುಳಿತರೆ 250 ರೂಪಾಯಿ ಹೋಯಿತು. 4 ದಿನಕ್ಕೆ 1,000 ರೂಪಾಯಿ. ಹತ್ಯಾರಿನಲ್ಲಿ ಉಳಿಸಿದ್ದು ಕೂಲಿಯಲ್ಲಿ ಸೋರಿಹೋಗುವ ಈ ಬಗೆಯನ್ನು ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆದಿಡುವದಿಲ್ಲ. ಹುಲ್ಲಿನ ಬಣವೆಯಲ್ಲಿ ಕಳೆದುಹೋಗುವ ಕುಡಗೋಲುಗಳ ಮಾತು ಬೇರೆ.

ಕೊಡಲಿಯ ವಿಷಯದಲ್ಲಿ ಈ ಸೀಮೆಯವರು ಇನ್ನೊಂದನ್ನು ತಿಳಿದಿರಬೇಕು. 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅರಣ್ಯಾಪರಾಧಕ್ಕೆ ಬಳಸಿದ ಹತ್ಯಾರನ್ನು ಜಪ್ತು ಮಾಡಲು ಅಧಿಕಾರವಿರುವದು. ಆಳಿನ ಕೈಗೆ ಕೊಟ್ಟ ಉತ್ತಮ ಕೊಡಲಿಯು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗಿ ಸಿಕ್ಕಿಬಿದ್ದರೆ ಮಾರುವ ಬೆಲೆಯ ಪ್ರಶ್ನೆಯೇ ಏಳದು. ಯಾರಿಗೆ ಯಾವ ಕೊಡಲಿ ಕೊಡಲಾಯಿತೆಂಬುದನ್ನು ಬರೆದಿಟ್ಟು ಸಂಜೆಗೆ ಮರಳಿ ಪಡೆಯತಕ್ಕದ್ದು.

ಜೋಯಿಡಾ ಕಡೆಯ ಜಂಬಿಟ್ಟಿಗೆ ನೆಲವು ಬಾಯನ್ನು ಬೇಗನೆ ಸವೆಸುವದು, ಮಳೆಯು ಉಳಿದುದಕ್ಕೆ ತುಕ್ಕು ಹಿಡಿಸುವದು. ಕೆಲಸ ಮುಗಿದೊಡನೆ ಮಣ್ಣು ತೊಳೆದು, ಒರಸಿ, ಎಣ್ಣೆ ಸವರಿ ಗೋಡೆಗೆ ತೂಗುಹಾಕಬೇಕು. ರಸಾಯನಿಕ ಗೊಬ್ಬರದ ಚೀಲದ ಮೇಲೆ ಇಟ್ಟು ಮರೆತ ಗುದ್ದಲಿಯು, ಮಹಾನವಮಿಯ ಆಯುಧಪೂಜೆಗೆಂದು ಹೊರತೆಗೆಯುವಷ್ಟರಲ್ಲಿ, ಎಷ್ಟು ಕೊಟ್ಟು ತಂದಿದ್ದರೂ ತೂಕದ ಬೆಲೆಗೆ ಇಳಿದಿರುವದು.