ಎಡಕ್ಕೆ ಹೋಗಬೇಕೆಂದರೆ ಬಲಕ್ಕೆ ತಿರುಗಿಸಿ

ಮ್ಯಾಂಚೆಸ್ಟರ್‌ನ ದಕ್ಷಿಣಕ್ಕಿರುವ ಡಿಡ್ಸ್‌ಬರಿ ಕೆಂಪು ಇಟ್ಟಿಗೆಯ ಮನೆಗಳ, ಕೆಫೆಗಳ ಬಡಾವಣೆ. ಅದನ್ನು ಲಾರಿಗಳ ಊರೆಂದು ಯಾರೂ ಹೇಳುವುದಿಲ್ಲ. ಆದರೆ ಎಂ60 ಹೆದ್ದಾರಿ ಅದರ ಮಗ್ಗುಲಲ್ಲೇ ಹಾಯುತ್ತದೆ. ಕೆಲವೇ ಮೈಲಿ ಆಚೆಗೆ 1896ರಲ್ಲಿ ಶುರುವಾದ ಟ್ರಾಫರ್ಡ್ ಪಾರ್ಕ್ ಕೈಗಾರಿಕಾ ವಸಾಹತು ಇದೆ. ಅಲ್ಲಿಗೆ ಬಂದುಹೋಗುವ ಟ್ರೇಲರ್ ಲಾರಿಯ ಉದ್ದ ಸಾಮಾನ್ಯವಾಗಿ 16.5 ಮೀಟರ್, ಭರ್ತಿ ತೂಕ 44 ಟನ್‌ವರೆಗೆ. ಇಷ್ಟುದ್ದದ ಗಾಡಿಯನ್ನು ಮುಂದಕ್ಕೆ ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ಹೊಸಬರು ಬೆವರುವುದು ಅದನ್ನು ಹಿಂದಕ್ಕೆ ತೆಗೆಯುವಾಗ.

ಕಾರಿನಲ್ಲಿ ಕಲಿತದ್ದೆಲ್ಲ ಇಲ್ಲಿ ತಿರುವುಮುರುವು. ಟ್ರೇಲರ್‌ನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ಅದಕ್ಕೇ ಕಲಿಸುವವರು ಒಂದು ಉಪಾಯ ಹೇಳಿಕೊಡುತ್ತಾರೆ: ಸ್ಟೇರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ, ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ತಲೆ ಒಪ್ಪದಿದ್ದರೂ ಕೈ ಒಪ್ಪಿಕೊಳ್ಳುತ್ತದೆ.

ಅಸಲಿ ಪರೀಕ್ಷೆ ಅದರ ನಂತರದ್ದು. ಉದ್ದದ ಟ್ರೇಲರ್ ತಕ್ಷಣ ಉತ್ತರ ಕೊಡುವುದಿಲ್ಲ. ಏನೂ ಆಗಲಿಲ್ಲವೆಂದು ಹೊಸಬ ಇನ್ನಷ್ಟು ತಿರುಗಿಸುತ್ತಾನೆ. ಅಷ್ಟರಲ್ಲಿ ಬಾಲ ಬೇಕಾದ್ದಕ್ಕಿಂತ ಹೆಚ್ಚು ವಾಲಿರುತ್ತದೆ. ಬಾಲ ತಿರುಗಲು ತೊಡಗಿದೊಡನೆ ಸ್ಟೇರಿಂಗನ್ನು ವಾಪಸ್ ತಂದು, ಎದುರು ದಿಕ್ಕಿಗೆ ತಿರುಗಿಸಿ, ಮುಂದಿನ ಎಂಜಿನ್ ಗಾಡಿಯನ್ನು ಟ್ರೇಲರ್‌ನ ಹಿಂದೆಯೇ ನಡೆಸಬೇಕು. ತಡವಾದರೆ ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ಆಗ ಮುಂದಕ್ಕೆಳೆದು ನೇರ ಮಾಡಿಕೊಳ್ಳುವುದೊಂದೇ ದಾರಿ.

ಬ್ರಿಟನ್‌ನಲ್ಲೂ ನಮ್ಮಂತೆಯೇ ಚಾಲಕ ಬಲಗಡೆ ಕೂರುತ್ತಾನೆ. ಬಾಲ ಬಲಕ್ಕೆ ಹೊರಳಿದರೆ ಬಲಗನ್ನಡಿಯಲ್ಲಿ ಎಲ್ಲ ಕಾಣುತ್ತದೆ. ಎಡಕ್ಕೆ ಹೊರಳಿದರೆ ಬಲಗನ್ನಡಿ ಬರಿದು, ಎಡಗನ್ನಡಿಯ ತುಂಬ ಟ್ರೇಲರ್‌ನ ಗೋಡೆ. ಆ ಕುರುಡು ಬದಿಯಲ್ಲಿ ಅನುಮಾನ ಬಂದರೆ ಬ್ರೇಕ್ ಹಾಕಿ, ಇಳಿದು, ನಡೆದು ನೋಡಿ ಬರುವುದು ಪಳಗಿದವರ ರೂಢಿ.

ಲೈಸೆನ್ಸ್ ಪರೀಕ್ಷೆಯಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿ, ಕೋನ್ ತಾಗಿಸದೆ, ಗುರುತು ಮಾಡಿದ ಅಂಕಣದೊಳಕ್ಕೆ ಹಿಂದಕ್ಕೆ ಬರಬೇಕು. ಟ್ರೇಲರನ್ನು ಕಳಚಿ ಮತ್ತೆ ಜೋಡಿಸಿಯೂ ತೋರಿಸಬೇಕು. 2021ರಲ್ಲಿ ಚಾಲಕರ ಕೊರತೆ ಒಂದು ಲಕ್ಷ ದಾಟಿದೆ ಎಂದು ಅಲ್ಲಿನ ಲಾರಿ ಮಾಲೀಕರ ಸಂಘ ಅಂದಾಜಿಸಿತ್ತು. ಟ್ಯಾಂಕರ್ ಓಡಿಸುವವರು ಸಾಲದೆ ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆದಿತ್ತು. ಆ ನವೆಂಬರ್‌ನಿಂದ ಕಾರಿನ ಲೈಸೆನ್ಸ್ ಇದ್ದವರು ಸಣ್ಣ ಲಾರಿಯ ಮೆಟ್ಟಿಲು ಹತ್ತದೆ ನೇರವಾಗಿ ಟ್ರೇಲರ್ ಪರೀಕ್ಷೆಗೆ ಕೂರಬಹುದಾಯಿತು.

ಈ ಬಗೆಯ ಜೋಡುಗಾಡಿಗೆ ಉತ್ತರ ಇಂಗ್ಲೆಂಡ್ ಹೊಸದಲ್ಲ. ಹಡರ್ಸ್‌ಫೀಲ್ಡ್‌ನ ಕ್ಯಾರಿಯರ್ ಕಂಪನಿ 1930ರ ಹೊತ್ತಿಗೆ ರೈಲ್ವೆಯವರ ಕುದುರೆಗಳಿಗೆ ಬದಲಾಗಿ ಮೂರು ಚಕ್ರದ ಪುಟ್ಟ ಎಳೆಗಾಡಿ ಮಾಡಿತು. 1934ರಲ್ಲಿ ಸ್ಕ್ಯಾಮೆಲ್ ಕಂಪನಿಯ ‘ಮೆಕ್ಯಾನಿಕಲ್ ಹಾರ್ಸ್’ ಬಂತು. ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿರುವ ಲೇಲ್ಯಾಂಡ್ ಕೂಡ ಇದೇ ಸೀಮೆಯ, ಲ್ಯಾಂಕಷೈರ್‌ನ ಊರು. ಅಲ್ಲೀಗ ಲಾರಿಗಳ ಮ್ಯೂಸಿಯಂ ಇದೆ.

ಮಂಡ್ಯ, ಬೆಳಗಾವಿಯ ಕಬ್ಬಿನ ಟ್ರ್ಯಾಕ್ಟರ್ ಚಾಲಕರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅವರದು ಒಂದರ ಹಿಂದೊಂದು ಎರಡು ಟ್ರೇಲರ್. ಪ್ರತಿ ಕೊಂಡಿಯೂ ಒಂದು ಹೊಸ ತಿರುವು. ಜೋಡಿ ಟ್ರೇಲರ್ ಹಿಂದಕ್ಕೆ ತೆಗೆಯುವುದಕ್ಕಿಂತ ಒಂದನ್ನು ಕಳಚುವುದೇ ಲೇಸು.

ನಮ್ಮಲ್ಲಿ ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಇಳಿದು, ಗಾಡಿಯ ಮೈ ತಟ್ಟುತ್ತ ‘ಬರ್ಲಿ, ಬರ್ಲಿ’ ಎನ್ನುತ್ತಾನೆ. ಹೊಸಬ ಕಲಿಯುತ್ತಿದ್ದುದೂ ಹಾಗೆಯೇ: ವರ್ಷಗಟ್ಟಲೆ ಹಿಂದೆ ನಿಂತು ನೋಡಿ, ಆಮೇಲೆ ಸ್ಟೇರಿಂಗ್ ಹಿಡಿದು. ಬ್ರಿಟನ್‌ನಲ್ಲೂ ಒಂದು ಕಾಲಕ್ಕೆ ಲಾರಿಯಲ್ಲಿ ‘ಮೇಟ್’ ಎಂಬ ಜೊತೆಗಾರ ಇರುತ್ತಿದ್ದ. ಆ ಕೆಲಸ ಈಗ ಹೆಚ್ಚುಕಡಿಮೆ ಇಲ್ಲವಾಗಿದೆ. ಪರೀಕ್ಷೆ ಪಾಸಾದವರಿಗೆ ಬೇಕಾಗಿರುವುದು ಖಾಲಿ ಅಂಗಳ, ಒಂದಿಷ್ಟು ಹೊತ್ತು, ಪಕ್ಕದಲ್ಲೊಬ್ಬ ಹಳಬ. ಹೊತ್ತಿಗೆ ಸರಿಯಾಗಿ ಸರಕು ಮುಟ್ಟಿಸುವ ಆತುರದಲ್ಲಿ ಈ ಮೂರನ್ನೂ ಒದಗಿಸಲು ಮನಸ್ಸು ಮಾಡುವ ಮಾಲೀಕರು ಇನ್ನಷ್ಟು ಇದ್ದಿದ್ದರೆ, ಎಷ್ಟೋ ಹೊಸಬರು ಮೊದಲ ವರ್ಷದಲ್ಲೇ ಈ ಕೆಲಸ ಬಿಡುವ ಯೋಚನೆ ಮಾಡುತ್ತಿರಲಿಲ್ಲವೇನೋ.