ಕ್ಯಾನ್ ತುಂಬುವ ಮೊದಲು ಮಕ್ಕಳ ಡಬ್ಬಿ



ಹಸು ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ ಎಂದು ನೀವು ಕರೆದಾಗ ಪಶುವೈದ್ಯರು ಮೊದಲು ಕೇಳುವ ಪ್ರಶ್ನೆ ನಿಮಗೆ ಗೊತ್ತೇ ಇದೆ: "ನಿನ್ನೆ ಏನೇನು ಹಾಕಿದ್ರಿ?" ಹುಲ್ಲು, ಹಿಂಡಿ, ಬೂಸಾ ಎಲ್ಲ ಹೇಳಿ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ: "ಕಲಗಚ್ಚಿಗೆ ಒಂದಿಷ್ಟು ಅನ್ನ ಸುರಿದಿದ್ದೆ ಡಾಕ್ಟ್ರೇ. ಮಗಳ ಡಬ್ಬಿದು. ದಿನಾ ಹಂಗೇ ವಾಪಸ್ ತರ್ತಾಳೆ."

ಒಂದು ಡಬ್ಬಿ ಅನ್ನದಿಂದ ಹಸುವಿಗೆ ಏನೂ ಆಗುವುದಿಲ್ಲ. ಹಬ್ಬದಲ್ಲೋ ಮದುವೆಯಲ್ಲೋ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಹಾಕಿದರೆ ಮಾತ್ರ ಹೊಟ್ಟೆ ಹುಳಿಯಾಗಿ ಜೀವಕ್ಕೇ ಅಪಾಯ. ಇಲ್ಲಿ ತೊಂದರೆ ಆಗಿರುವುದು ಆ ಅನ್ನ ಯಾರ ಹೊಟ್ಟೆ ಸೇರಬೇಕಿತ್ತೋ ಆ ಮಗುವಿಗೆ. ಬೆಳಿಗ್ಗೆ ಏಳೂವರೆ ಬಸ್ಸು ಹತ್ತಿದ ಹುಡುಗಿ ಸಂಜೆ ಐದೂವರೆಗೆ ಮನೆ ಸೇರುತ್ತಾಳೆ. ಹತ್ತು ಗಂಟೆ ಹೊತ್ತು ಒಂದು ಲೋಟ ಟೀ, ಎರಡು ಬಿಸ್ಕತ್ತಿನಲ್ಲಿ ಕಳೆದಿರುತ್ತಾಳೆ. ಹಾಗಾಗಿ ಈ ಸಲ ಹಸುವಿನ ಮೇವಿನ ಬದಲು ಮಕ್ಕಳ ಬುತ್ತಿಯ ಬಗ್ಗೆ ಬರೆಯುತ್ತಿದ್ದೇನೆ.

ಶಾಲೆಯ ಊಟ ಎಲ್ಲರಿಗೂ ಸಿಗುವುದಿಲ್ಲ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟ ಇದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು ಕೊಡುತ್ತಾರೆ. ನೀವು ಸಂಘಕ್ಕೆ ಹಾಕಿದ ಹಾಲೇ ಪುಡಿಯಾಗಿ ಮಕ್ಕಳ ಲೋಟಕ್ಕೆ ಹೋಗುತ್ತದೆ. ಆದರೆ ಪೇಟೆಯ ಖಾಸಗಿ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಇದು ಇಲ್ಲ. ಪಿಯುಸಿಗೆ ಸೇರಿದ ಮೇಲೆ ಹೆಚ್ಚಿನವರು ಡಬ್ಬಿಯನ್ನೇ ನಂಬಬೇಕು. ಮೈ ಬೆಳೆಯುವ, ಹಸಿವು ಜಾಸ್ತಿ ಇರುವ ವಯಸ್ಸು ಅದು. ಆ ಹೊತ್ತಿಗೇ ಮಧ್ಯಾಹ್ನದ ಊಟ ತಪ್ಪುತ್ತದೆ.

ಕಡಸಿನ ಲೆಕ್ಕ

ಮಕ್ಕಳನ್ನು ದನಕ್ಕೆ ಹೋಲಿಸಿದೆ ಎಂದು ಬೇಸರ ಮಾಡಿಕೊಳ್ಳಬೇಡಿ. ನಮಗೆ ಬರುವ ಲೆಕ್ಕ ಅದೇ. ಕರೆಯುವ ಹಸುವಿಗೆ ಹಿಂಡಿ, ಫೀಡು ಎಲ್ಲ ಸಿಗುತ್ತದೆ. ಪಕ್ಕದಲ್ಲಿ ಕಟ್ಟಿದ ಕಡಸಿಗೆ ಒಣಹುಲ್ಲು. "ಅದು ಇನ್ನೂ ಹಾಲು ಕೊಡೋದಿಲ್ಲವಲ್ಲ" ಎನ್ನುತ್ತೇವೆ. ಮಿಶ್ರತಳಿ ಕಡಸು ಸುಮಾರು 250 ಕಿಲೋ ತೂಗಿದಾಗ ಗರ್ಭ ಕಟ್ಟಿಸಲು ತಯಾರು. ಬೆಳೆಯುವಾಗ ಮೇವು ಕಡಿಮೆಯಾದರೆ ಆ ತೂಕಕ್ಕೆ ಬರುವುದು ತಡವಾಗುತ್ತದೆ, ಬೆದೆ ತಡವಾಗುತ್ತದೆ, ಮೊದಲ ಕರುವೂ ತಡ. ಆಮೇಲೆ ಎಷ್ಟೇ ಹಿಂಡಿ ಇಟ್ಟರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ.

ಹದಿಮೂರರಿಂದ ಹದಿನೆಂಟರ ಮಕ್ಕಳದ್ದೂ ಇದೇ ಕಾಲ. ಮೂಳೆ ಗಟ್ಟಿಯಾಗುವುದು, ಎತ್ತರ ಬರುವುದು, ರಕ್ತ ತುಂಬಿಕೊಳ್ಳುವುದು ಈಗಲೇ. ತಿಂಗಳ ಮುಟ್ಟು ಶುರುವಾದ ಹೆಣ್ಣುಮಕ್ಕಳಿಗೆ ಕಬ್ಬಿಣದ ಅಂಶ ಇನ್ನೂ ಹೆಚ್ಚು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ 31. ಪಾಠ ತಲೆಗೆ ಹತ್ತುತ್ತಿಲ್ಲ, ಯಾವಾಗಲೂ ಸುಸ್ತು, ಪ್ರಾರ್ಥನೆಗೆ ನಿಂತಾಗ ತಲೆ ತಿರುಗುತ್ತದೆ ಎಂದರೆ ಅದು ಸೋಮಾರಿತನವೇ ಆಗಿರಬೇಕಿಲ್ಲ.

ಮೊದಲು ಅರ್ಧ ಲೀಟರ್ ಎತ್ತಿಡಿ

ಹಾಲು ಉತ್ಪಾದಿಸುವ ಮನೆಯ ಮಕ್ಕಳಿಗೇ ಹಾಲು ಕಡಿಮೆ ಎಂದರೆ ಹೊರಗಿನವರು ನಂಬುವುದಿಲ್ಲ. ನಮಗೆ, ನಿಮಗೆ ಗೊತ್ತು. ಕರೆದದ್ದೆಲ್ಲ ಕ್ಯಾನಿಗೆ ಹೋಗುತ್ತದೆ, ಟೀ ಪುರ್ತ ಒಂದಿಷ್ಟು ಉಳಿಯುತ್ತದೆ. ಬ್ಯಾಂಕಿನ ಕಂತು, ಫೀಡಿನ ಬಾಕಿ ಇರುವಾಗ ಪ್ರತಿ ಲೋಟಕ್ಕೂ ಲೆಕ್ಕ ಇರುತ್ತದೆ, ನಿಜ.

ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 600 ಮಿಲಿಗ್ರಾಂ ಸುಣ್ಣದ ಅಂಶ, ಸುಮಾರು 16 ಗ್ರಾಂ ಪ್ರೋಟೀನ್ ಇರುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ ಸುಣ್ಣದ ಅಂಶ ಸುಮಾರು 1000 ಮಿಲಿಗ್ರಾಂ. ಅರ್ಧ ಲೀಟರ್ ಹಾಲು, ಜೊತೆಗೆ 100 ಗ್ರಾಂ ರಾಗಿ ಹಿಟ್ಟಿನ ರೊಟ್ಟಿ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೂ ಮುಟ್ಟುತ್ತದೆ. ಇನ್ನು ನಿಮ್ಮ ಪಾಸ್ ಪುಸ್ತಕ ತೆಗೆದು ಅರ್ಧ ಲೀಟರಿಗೆ ಎಷ್ಟು ಬರುತ್ತದೆ ನೋಡಿ. ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಒಂದು ಪಫ್ಸ್‌ಗೆ ಮಕ್ಕಳು ಕೊಡುವ ದುಡ್ಡೂ ಅಷ್ಟೇ ಇರುತ್ತದೆ.

ಹಾಗಾಗಿ ಕರೆದ ತಕ್ಷಣ, ಕ್ಯಾನಿಗೆ ಸುರಿಯುವ ಮೊದಲೇ ಪ್ರತಿ ಮಗುವಿಗೆ ಅರ್ಧ ಲೀಟರ್ ಬೇರೆ ಪಾತ್ರೆಗೆ ಅಳೆದು ಎತ್ತಿಡಿ. ಉಳಿದರೆ ಮನೆಗೆ ಎಂದುಕೊಂಡರೆ ಯಾವತ್ತೂ ಉಳಿಯುವುದಿಲ್ಲ.

ಎರಡು ಎಚ್ಚರಿಕೆ. ಮನೆಯ ಹಾಲೆಂದು ಹಸಿ ಹಾಲು ಕುಡಿಸಬೇಡಿ. ಕಂದುರೋಗ, ಕ್ಷಯದಂಥ ಕಾಯಿಲೆ ಹಸುವಿನಿಂದ ಮನುಷ್ಯರಿಗೆ ಬರುವ ದಾರಿಗಳಲ್ಲಿ ಹಸಿ ಹಾಲೂ ಒಂದು. ಚೆನ್ನಾಗಿ ಕುದಿಸಿಯೇ ಕೊಡಿ. ಎರಡನೆಯದು, ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕುವುದಿಲ್ಲ ಅಲ್ಲವೇ? ಅದನ್ನು ಮಕ್ಕಳಿಗೂ ಕೊಡಬೇಡಿ. ಕುದಿಸಿದರೂ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ.

ಡಬ್ಬಿ ಯಾಕೆ ವಾಪಸ್ ಬರುತ್ತದೆ?

ಬೈಯುವ ಮೊದಲು ಒಂದು ಸಂಜೆ ಸಮಾಧಾನವಾಗಿ ಕೇಳಿ. ಅನ್ನ ಮುದ್ದೆಗಟ್ಟಿತ್ತು, ಸಾರು ಸೋರಿ ಪುಸ್ತಕ ನೆನೆಯಿತು, ಹಳಸಿದ ವಾಸನೆ ಬಂತು, ಗೆಳತಿಯರೆಲ್ಲ ಚಪಾತಿ ತರುತ್ತಾರೆ, ನಾನೊಬ್ಬಳೇ ರೊಟ್ಟಿ – ಹೀಗೆ ಒಂದೊಂದೇ ಹೊರಬರುತ್ತದೆ. ಹದಿನೈದರ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ಡಬ್ಬಿ ತೆಗೆಯುವುದು ಸಣ್ಣ ವಿಷಯವಲ್ಲ. ಕೆಲವು ಹೆಣ್ಣುಮಕ್ಕಳು ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಬಾಯಿ ಒಣಗಿದಾಗ ಊಟವೂ ಸೇರುವುದಿಲ್ಲ. ಅಂಥದ್ದಾದರೆ ನಾಲ್ಕಾರು ತಾಯಂದಿರು ಸೇರಿ ಶಾಲೆಯ ಪೋಷಕರ ಸಭೆಯಲ್ಲಿ ಕೇಳಿ. ಸಂಘದ ಸಭೆಯಲ್ಲಿ ಫ್ಯಾಟು, ದರ ಕೇಳುವ ನಿಮಗೆ ಇದೇನು ಹೊಸದಲ್ಲ.

ಕ್ಯಾನಿನ ನಿಯಮವೇ ಡಬ್ಬಿಗೂ

ಹಾಲು ಒಡೆದರೆ ಡೇರಿಯವರು ವಾಪಸ್ ಕಳಿಸುತ್ತಾರೆ. ಅದಕ್ಕೇ ಕ್ಯಾನ್ ಎಷ್ಟು ಜೋಪಾನ ಮಾಡುತ್ತೀರಿ! ಊಟ ಹಳಸುವುದಕ್ಕೂ ಕಾರಣ ಬ್ಯಾಕ್ಟೀರಿಯಾಗಳೇ. ಬೆಚ್ಚಗಿನ ಆಹಾರದಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಆ ಲೆಕ್ಕದಲ್ಲಿ ಬೆಳಿಗ್ಗೆ 8 ಗಂಟೆಗೆ ಒಂದು ಇದ್ದದ್ದು ಮಧ್ಯಾಹ್ನ 1 ಗಂಟೆಗೆ 32 ಸಾವಿರ ದಾಟುತ್ತದೆ.

• ಡಬ್ಬಿಯ ಮುಚ್ಚಳದ ರಬ್ಬರನ್ನು ದಿನಾ ಬಿಚ್ಚಿ ತೊಳೆಯಿರಿ. ಕ್ಯಾನಿನಂತೆ ಡಬ್ಬಿಯನ್ನೂ ಬೋರಲು ಹಾಕಿ ಒಣಗಿಸಿ. ಸಂಜೆಯೇ ತೊಳೆದಿಡಬೇಕು.

• ಬಿಸಿ ಅನ್ನವನ್ನು ಹಾಗೇ ತುಂಬಿ ಮುಚ್ಚಬೇಡಿ. ತಟ್ಟೆಗೆ ಹರಡಿ, ಹಬೆ ಹೋದ ಮೇಲೆ ತುಂಬಿ. ಹಬೆ ಮುಚ್ಚಳಕ್ಕೆ ನೀರಾಗಿ ಇಳಿದರೆ ಊಟ ಬೇಗ ಕೆಡುತ್ತದೆ.

• ರಾತ್ರಿಯೆಲ್ಲ ಹೊರಗೇ ಇದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ಕೊಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಹೊಸ ಅನ್ನ ಮಾಡಿ. ಫ್ರಿಜ್ ಇದ್ದರೆ ರಾತ್ರಿ ಅನ್ನ ಆರಿದ ಕೂಡಲೇ ಒಳಗಿಡಿ.

• ಹಸಿ ತೆಂಗಿನಕಾಯಿ ಚಟ್ನಿ ಸೆಕೆಗಾಲದಲ್ಲಿ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ. ಚಟ್ನಿಪುಡಿ ಕೊಡಿ.

• ಮೊಸರನ್ನ ಹುಳಿಯಾಗುತ್ತದೆ ಎನ್ನುವವರು ಹೀಗೆ ಮಾಡಿ: ಅನ್ನ ಮೆತ್ತಗೆ ಬೇಯಿಸಿ ಹಿಸುಕಿ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲು ಬೆರೆಸಿ, ಒಂದೆರಡು ಚಮಚ ಮೊಸರು ಮತ್ತು ಉಪ್ಪು ಹಾಕಿ ಕಲಸಿ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪುಗಟ್ಟಿ ಸಿಹಿ ಮೊಸರನ್ನವಾಗಿರುತ್ತದೆ. ಚಳಿಗಾಲದಲ್ಲಿ ಮೊಸರು ಒಂದು ಚಮಚ ಜಾಸ್ತಿ ಇರಲಿ.

ವಾರಕ್ಕೊಂದು ಲೆಕ್ಕ

ಮುದ್ದೆ ಮನೆಯ ಊಟಕ್ಕೆ ಸರಿ, ಡಬ್ಬಿಗೆ ಅಲ್ಲ. ರಾಗಿ ಬಿಡಬೇಡಿ, ರೂಪ ಬದಲಿಸಿ.

ಸೋಮವಾರ: ನುಗ್ಗೆಸೊಪ್ಪು, ಈರುಳ್ಳಿ ಹಾಕಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಒಂದು ಸೀಬೆಹಣ್ಣು.
ಮಂಗಳವಾರ: ಕಡಲೆಬೀಜ ಧಾರಾಳವಾಗಿ ಹಾಕಿದ ನಿಂಬೆಹಣ್ಣಿನ ಚಿತ್ರಾನ್ನ, ಬೇಯಿಸಿದ ಹೆಸರುಕಾಳು.
ಬುಧವಾರ: ಮೊಸರನ್ನ, ಹುರಿದ ಕಡಲೆಬೀಜ. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಕಳಿಸಿ.
ಗುರುವಾರ: ಚಪಾತಿ, ಮೊಳಕೆ ಹುರುಳಿಕಾಳಿನ ಒಣ ಪಲ್ಯ, ಒಂದು ಹೋಳು ನಿಂಬೆ.
ಶುಕ್ರವಾರ: ಮೆಂತ್ಯ ಸೊಪ್ಪಿನ ಬಾತ್, ಬಟಾಣಿ ಅಥವಾ ಅವರೆಕಾಳು ಸೇರಿಸಿ.
ಶನಿವಾರ: ಒಗ್ಗರಣೆ ಅವಲಕ್ಕಿ, ಕಡಲೆ ಮಿಠಾಯಿ.

ಹಾಲಿನಲ್ಲಿ ಎಲ್ಲ ಇದೆ ಎನ್ನುತ್ತೇವೆ, ಆದರೆ ಕಬ್ಬಿಣದ ಅಂಶ ಅದರಲ್ಲಿ ತೀರಾ ಕಡಿಮೆ. ಅದು ಬರಬೇಕಾದದ್ದು ಸೊಪ್ಪು, ಕಾಳು, ರಾಗಿ, ಎಳ್ಳು, ಮಾಂಸದಿಂದ. ಹಾಗಾಗಿ ಹಾಲನ್ನು ಬೆಳಿಗ್ಗೆ ಸಂಜೆ ಮನೆಯಲ್ಲಿ ಕೊಡಿ, ಡಬ್ಬಿಯಲ್ಲಿ ಹೆಚ್ಚಿನ ದಿನ ಕಾಳು ಸೊಪ್ಪು ಇರಲಿ. ನಿಂಬೆ, ಸೀಬೆ, ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ.

ಕಟ್ಟುವವರು ಯಾರು?

"ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಓಡೋದ್ರಲ್ಲಿ ಡಬ್ಬಿ ಎಲ್ಲಿಂದ ಕಟ್ಟಲಿ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಡಬ್ಬಿ ಕಟ್ಟುವುದು ಅಮ್ಮನೊಬ್ಬಳ ಕೆಲಸ ಎಂದು ಯಾರೂ ಬರೆದಿಟ್ಟಿಲ್ಲ. ಕ್ಯಾನನ್ನು ಡೇರಿಗೆ ಒಯ್ಯುವುದು ಮನೆಯವರ ಅಥವಾ ಮಗನ ಪಾಲಿಗಿರಲಿ. ಕಾಳು ನೆನೆಸುವುದು, ಸೊಪ್ಪು ಬಿಡಿಸುವುದು, ಈರುಳ್ಳಿ ಹೆಚ್ಚುವುದು ರಾತ್ರಿ ಟಿವಿ ಮುಂದೆ ಕೂತು ಎಲ್ಲರೂ ಸೇರಿ ಮುಗಿಸಿ. ಡಬ್ಬಿ ತುಂಬಿಕೊಳ್ಳುವುದು, ಸಂಜೆ ತೊಳೆಯುವುದು ಮಕ್ಕಳ ಕೆಲಸ, ಹುಡುಗನದ್ದೂ ಹುಡುಗಿಯದ್ದೂ. ಏನು ಬೇಕೆಂದು ತಾನೇ ಆರಿಸಿ ತುಂಬಿಕೊಂಡ ಡಬ್ಬಿ ಖಾಲಿಯಾಗಿ ಬರುವ ಸಾಧ್ಯತೆ ಹೆಚ್ಚು. ಡಬ್ಬಿಗೆ ಹಾಕುವಾಗ ನಿಮ್ಮ ತಟ್ಟೆಗೂ ಒಂದು ರೊಟ್ಟಿ ಹಾಕಿಕೊಳ್ಳಿ. ಹತ್ತು ಗಂಟೆಯವರೆಗೆ ಬರಿ ಟೀಯಲ್ಲಿ ದುಡಿಯುವ ಅಭ್ಯಾಸ ನಿಮಗೂ ಒಳ್ಳೆಯದಲ್ಲ.

ಕಣ್ಣಿನ ಒಳರೆಪ್ಪೆ ನೋಡಿ

ಕುರಿ ಮೇಕೆಗೆ ಜಂತುಹುಳು ಹೆಚ್ಚಾದಾಗ ನಾವು ಕೆಳರೆಪ್ಪೆ ಜಗ್ಗಿ ನೋಡುತ್ತೇವೆ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಕಡಿಮೆ. ಮಕ್ಕಳದ್ದೂ ಹೀಗೇ ನೋಡಬಹುದು. ಬಿಳಿಚಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹದಿಹರೆಯದ ಹುಡುಗಿಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟ ಆದ ಮೇಲೆ ನುಂಗಲು ಹೇಳಿ, ಹಾಲು ಟೀ ಜೊತೆ ಬೇಡ. ವರ್ಷಕ್ಕೆ ಎರಡು ಸಲ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ. ಕರುಗಳಿಗೆ ಹಾಕಿಸಿದ ತಾರೀಕು ನೆನಪಿಟ್ಟುಕೊಳ್ಳುವ ನಿಮಗೆ ಮಕ್ಕಳದ್ದು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ.

ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಲು ಎರಡೇ ಕೆಲಸ: ಕ್ಯಾನಿಗೆ ಸುರಿಯುವ ಮೊದಲು ಅರ್ಧ ಲೀಟರ್ ಅಳೆದಿಡಿ, ಸಂಜೆ ಡಬ್ಬಿ ಖಾಲಿಯಾಗಿದೆಯೇ ಎಂದು ತೆಗೆದು ನೋಡಿ. ಉಳಿದದ್ದು ಒಂದೊಂದೇ ರೂಢಿಯಾಗುತ್ತದೆ.