ಮನೆಯ ಆಡಿನ ದವಡೆ ಹಲ್ಲು: ದವಾಖಾನೆಗೆ ಒಯ್ಯುವ ಮುನ್ನ ಮತ್ತು ಅನಂತರ

ಮುಧೋಳ ತಾಲೂಕಿನ ಲೋಕಾಪುರದ ಸುತ್ತಮುತ್ತ ಆಡು ಇಲ್ಲದ ಓಣಿ ಸಿಗುವುದು ಕಡಿಮೆ. ಘಟಪ್ರಭೆಯ ನೀರು ತಲುಪಿದ ಕಡೆ ಕಬ್ಬು, ತಲುಪದ ಎರೆ ಹೊಲಗಳಲ್ಲಿ ಜೋಳ, ಕಡಲೆ. ಎರಡೂ ಕಡೆ ಹಿತ್ತಿಲಿನ ಗೂಟಕ್ಕೆ ಒಂದೆರಡು ಆಡು. ಹಿಂಡಿನ ಆಡು ಆದಾಯದ ಲೆಕ್ಕಕ್ಕೆ ಸೇರಿದರೆ, ಹಿತ್ತಿಲಿನ ಆಡು ಮನೆಮಂದಿಯ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳು ಅದಕ್ಕೆ ಹೆಸರಿಟ್ಟು, ತಮ್ಮ ರೊಟ್ಟಿಯ ಚೂರು ತಿನ್ನಿಸಿ ಬೆಳೆಸಿರುತ್ತಾರೆ. ಅಂಥ ಆಡು ಒಂದು ಮುಂಜಾನೆ ಮೇವಿಗೆ ಬಾಯಿ ಹಾಕಿ, ನಾಲ್ಕು ಸಲ ಅಗಿದು, ಹಸಿರು ಮುದ್ದೆಯನ್ನು ಕೆಳಗೆ ಉದುರಿಸಿ ಸುಮ್ಮನೆ ನಿಂತಿತೆಂದರೆ ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ. ದನದ ದವಾಖಾನೆಯಲ್ಲಿ ಹಲ್ಲನ್ನು ಅರದಿಂದ ಉಜ್ಜುತ್ತಾರೆ, ಇಲ್ಲವೆ ಕೀಳುತ್ತಾರೆ ಎಂದು ಯಾರಾದರೂ ಹೇಳಿದರಂತೂ ಒಯ್ಯುವುದೋ ಬಿಡುವುದೋ ಎಂಬ ಚಿಂತೆಯಲ್ಲಿಯೇ ಎಂಟು ದಿನ ಕಳೆದುಹೋಗುತ್ತವೆ.

ಚಿಂತೆ ಪಡುವುದು ಸಹಜ. ಆದರೆ ಅರಕ್ಕೆ ಹೆದರುವವರು ಹೆದರಬೇಕಾದ ಸಂಗತಿಗಳನ್ನು ಮರೆತಿರುತ್ತಾರೆ. ತಿಳಿದವರ ಕೈಯಲ್ಲಿ ಅರದಿಂದ ಆಗುವ ತೊಂದರೆ ಅಲ್ಪ. ಅಪಾಯ ಹೆಚ್ಚಿರುವುದು ಮನೆಯಲ್ಲಿ ಮಾಡುವ ಪ್ರಯೋಗಗಳಲ್ಲಿ, ಮತ್ತು ಮಂಪರು ಬರಿಸುವ ಔಷಧ ಕೊಟ್ಟಾಗಿನ ಕೆಲವು ತಾಸುಗಳಲ್ಲಿ. ಈ ಎರಡನ್ನೂ ಕಡಿಮೆ ಮಾಡುವುದು ಸಾಕಿದವರ ಕೈಯಲ್ಲಿಯೇ ಇದೆ.

ಬಾಯಿಯ ರಚನೆ

ಆಡಿನ ಬಾಯಿ ತೆರೆದು ನೋಡಿ, ಮೇಲಿನ ಮುಂದಿನ ಹಲ್ಲುಗಳೆಲ್ಲ ಬಿದ್ದುಹೋಗಿವೆ ಎಂದು ಗಾಬರಿಯಾಗುವವರುಂಟು. ಆಡಿಗೆ ಅಲ್ಲಿ ಹಲ್ಲು ಎಂದೂ ಇರುವುದಿಲ್ಲ. ಗಟ್ಟಿಯಾದ ಒಸಡಿನ ದಿಂಬು ಮಾತ್ರ ಇರುತ್ತದೆ. ಕೆಳಗೆ ಮುಂದೆ 8 ಹಲ್ಲು, ಒಳಗೆ ಮೇಲೆ ಕೆಳಗೆ ಎರಡೂ ಬದಿಗೆ ಆರಾರರಂತೆ 24 ದವಡೆ ಹಲ್ಲು, ಒಟ್ಟು 32. ಮುಂದಿನ ಹಾಲು ಹಲ್ಲುಗಳ ಮೊದಲ ಜೋಡಿ ಸುಮಾರು ಒಂದು ವರ್ಷ ದಾಟಿದ ಮೇಲೆ ಬಿದ್ದು ಅಗಲವಾದ ಶಾಶ್ವತ ಹಲ್ಲು ಬರುತ್ತವೆ. ಮುಂದೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿಯಂತೆ ಬದಲಾಗಿ, ನಾಲ್ಕು ವರ್ಷದ ಹೊತ್ತಿಗೆ ಆಡು ಬಾಯಿಗೂಡುತ್ತದೆ. ಎಳೆಯ ಆಡಿನ ಮುಂದಿನ ಹಲ್ಲು ಅಲುಗಾಡಿದರೆ ಅದು ರೋಗವಲ್ಲ; ಸಂತೆಯಲ್ಲಿ ವಯಸ್ಸು ಎಣಿಸಲು ಎಲ್ಲರೂ ನೋಡುವುದು ಇದನ್ನೇ.

ಸಂತೆಯಲ್ಲಿ ಯಾರೂ ನೋಡದ ದವಡೆ ಹಲ್ಲುಗಳೇ ಆಡಿನ ಹೊಟ್ಟೆ ತುಂಬಿಸುವುದು. ಮೆಲುಕಿಗೆ ಬಂದ ಮೇವನ್ನು ನುಣ್ಣಗೆ ಅರೆಯದಿದ್ದರೆ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಸರಿಯಾಗಿ ಜೀರ್ಣಿಸಲಾರವು. ಈ ಹಲ್ಲುಗಳು ಬೀಸುವ ಕಲ್ಲಿನಂತೆ ಕೆಲಸ ಮಾಡುತ್ತವೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾಗಿರುವುದರಿಂದ ಸವೆತ ಎಲ್ಲ ಕಡೆ ಒಂದೇ ಸಮನಾಗುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚು ಮತ್ತು ಕೆಳಗಿನ ಹಲ್ಲಿನ ಒಳ ಅಂಚು ಮೊನೆಯಾಗಿ ಉಳಿಯುತ್ತವೆ. ಮೇಲಿನ ಮೊನೆ ಕೆನ್ನೆಯನ್ನೂ ಕೆಳಗಿನದು ನಾಲಿಗೆಯನ್ನೂ ಗೀರುತ್ತದೆ. ವಯಸ್ಸಾದ ಆಡುಗಳಲ್ಲಿ ಹಲ್ಲು ಸಡಿಲವಾಗುವುದು, ನಡುವೆ ಮೇವು ಸಿಕ್ಕಿ ಕೊಳೆಯುವುದು, ಬೇರಿನಲ್ಲಿ ಕೀವು ಸೇರಿ ದವಡೆ ಊದುವುದು ಇವೆಲ್ಲ ಉಂಟು. ಮಣ್ಣು ಮರಳು ಕೂಡಿದ ಮೇವಿನಿಂದ ಹಲ್ಲು ಬೇಗ ಸವೆಯುತ್ತವೆ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅದನ್ನು ಕುಡಿದ ಮರಿಗಳ ಶಾಶ್ವತ ಹಲ್ಲುಗಳಲ್ಲಿ ಕಲೆ ಮೂಡಿ ಮೆದುವಾಗುತ್ತವೆ. ಉತ್ತರ ಕರ್ನಾಟಕದ ಒಣ ಪ್ರದೇಶದಲ್ಲಿ ಇಂಥ ನೀರಿರುವ ಊರುಗಳು ಹಲವು.

ಹಲ್ಲಿನ ಬೇನೆಯೇ, ಬೇರೆಯದೇ?

ಅಗಿದ ಮೇವು ಕಟ್ಟಿದ ಜಾಗದಲ್ಲಿ ಮುದ್ದೆಮುದ್ದೆಯಾಗಿ ಬಿದ್ದಿರುವುದು, ಒಂದೇ ಬದಿಗೆ ಅಗಿಯುವುದು, ಹಸಿರು ಜೊಲ್ಲು, ಬಾಯಿಯ ದುರ್ವಾಸನೆ, ಕೆನ್ನೆಯಲ್ಲಿ ಉಂಡೆ ಕಟ್ಟಿದಂತಿರುವುದು, ಹಿಕ್ಕೆಯಲ್ಲಿ ಉದ್ದನೆಯ ನಾರು, ಕಣಕಿ ಬಿಟ್ಟು ಮೆತ್ತನೆಯ ಸೊಪ್ಪನ್ನಷ್ಟೇ ಆಯ್ದು ತಿನ್ನುವುದು ದವಡೆ ಹಲ್ಲಿನ ತೊಂದರೆಯ ಸೂಚನೆಗಳು. ಮೇಲಿನ ಹಲ್ಲುಗಳ ಸಾಲಿನ ಮೇಲೆ ಹೊರಗಿನಿಂದ ಕೆನ್ನೆಯನ್ನು ಮೆಲ್ಲಗೆ ಒತ್ತಿದರೆ ಆಡು ತಲೆ ಕೊಸರುತ್ತದೆ. ಮನೆಯಲ್ಲಿ ಇಷ್ಟು ಪರೀಕ್ಷೆ ಸಾಕು. ದವಡೆ ಹಲ್ಲುಗಳ ನಡುವೆ ಬೆರಳು ಹಾಕಿದರೆ ಬೆರಳು ಕತ್ತರಿಸುತ್ತದೆ.

ಎಲ್ಲ ಜೊಲ್ಲೂ ಹಲ್ಲಿನದಲ್ಲ. ಬಾಯಿ ಹುಣ್ಣಿನೊಡನೆ ಜ್ವರ, ಮೂಗಿನಲ್ಲಿ ಸಿಂಬಳ, ಭೇದಿ ಇದ್ದರೆ ಹಿರೇಬೇನೆ, ಅಂದರೆ ಪಿ.ಪಿ.ಆರ್., ಎಂದು ಸಂಶಯಪಡಬೇಕು. ತುಟಿಯ ಸುತ್ತ ಹಕ್ಕಳೆ ಕಟ್ಟಿದ ಗಾಯಗಳಿದ್ದರೆ ಅದು ಅಂಟುವ ಬಾಯಿಹುಣ್ಣು ಇರಬಹುದು. ಮುಟ್ಟಿದವರ ಕೈಗೂ ಅದು ತಗಲುತ್ತದೆ. ಗದ್ದದ ಕೆಳಗೆ ಮೆತ್ತಗೆ ನೀರು ತುಂಬಿ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಜಂತುಹುಳು ರಕ್ತ ಹೀರಿರುತ್ತದೆ.

ಇನ್ನೊಂದು ಸಂಗತಿಯನ್ನು ಎಂದಿಗೂ ಮರೆಯಲಾಗದು. ಜೊಲ್ಲು ಸುರಿಸುತ್ತ, ನೀರು ನುಂಗಲಾರದೆ, ಕೂಗು ಬದಲಾಗಿ, ಎಂದಿನಂತಿಲ್ಲದ ನಡತೆ ತೋರುವ ಆಡಿಗೆ ಹುಚ್ಚುನಾಯಿ ರೋಗ ಇರಬಹುದು. ನಾಯಿ ಕಚ್ಚಿದ್ದು ಯಾರ ಕಣ್ಣಿಗೂ ಬಿದ್ದಿರದಿರಬಹುದು. ಇಂಥ ಆಡಿನ ಬಾಯಿಯಲ್ಲಿ ಮುಳ್ಳು ಸಿಕ್ಕಿದೆಯೆಂದು ಕೈ ಹಾಕುವುದು ಪ್ರಾಣಾಪಾಯದ ಕೆಲಸ. ಅದನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರನ್ನು ಕರೆಸಬೇಕು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ದವಾಖಾನೆಯಲ್ಲಿ ಏನು ನಡೆಯುತ್ತದೆ

ವೈದ್ಯರು ಬಾಯಿ ಮುಚ್ಚದಂತೆ ಸಾಧನವಿಟ್ಟು, ಬ್ಯಾಟರಿ ಬೆಳಕಿನಲ್ಲಿ ಪ್ರತಿ ಹಲ್ಲನ್ನೂ ನೋಡುತ್ತಾರೆ. ಮೊನೆಗಳಿದ್ದರೆ ಅವನ್ನಷ್ಟೇ ಅರದಿಂದ ತೆಗೆಯುತ್ತಾರೆ. ಹಲ್ಲನ್ನು ಪೂರ್ತಿ ನುಣುಪು ಮಾಡಲಿಲ್ಲವೆಂದು ಬೇಸರಪಡಬೇಕಾದ್ದಿಲ್ಲ. ಉಬ್ಬುತಗ್ಗು ಅಳಿಸಿದರೆ ಬೀಸುವ ಕಲ್ಲಿನ ಹಲ್ಲು ಅಳಿಸಿದಂತಾಗಿ ಮೇವು ಅರೆಯುವುದಿಲ್ಲ. ಸಡಿಲವಾಗಿ ನೋಯುವ ಹಲ್ಲನ್ನು ಕೀಳುವುದುಂಟು. ಬೇರಿನಲ್ಲಿ ಕೀವಿದ್ದರೆ ದವಡೆಯ ಎಲುಬಿನ ಚಿತ್ರ ತೆಗೆಸಬೇಕಾಗಬಹುದು. ಅದಕ್ಕೆ ದೊಡ್ಡ ಆಸ್ಪತ್ರೆಗೆ ಅಥವಾ ಪಶುವೈದ್ಯಕೀಯ ಕಾಲೇಜಿಗೆ ಕಳುಹಿಸುತ್ತಾರೆ.

ಆಡು ಒದ್ದಾಡುವುದರಿಂದ ಮಂಪರಿನ ಔಷಧ ಬೇಕಾಗುತ್ತದೆ. ಸಾಮಾನ್ಯವಾಗಿ ಬಳಸುವ ಕ್ಸೈಲಜಿನ್ ಎಂಬ ಔಷಧಕ್ಕೆ ಆಡು ಬಹಳ ಸೂಕ್ಷ್ಮ. ತೂಕಕ್ಕೆ ತಕ್ಕಂತೆ ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತನೆಯ ಒಂದು ಪಾಲು ಆಡಿಗೆ ಸಾಕಾಗುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಬಿಡದೆ ಆಡನ್ನು ತೂಗಿಸಿಕೊಂಡು ಹೋಗುವುದು ಒಳ್ಳೆಯದು. ಹತ್ತಿ, ಮೆಕ್ಕೆಜೋಳ ತೂಗುವ ತಕ್ಕಡಿಯಾದರೂ ಸರಿ. ಗಬ್ಬವಿದ್ದರೆ ಮೊದಲೇ ಹೇಳಲೇಬೇಕು. ಈ ಔಷಧ ಗರ್ಭಕೋಶವನ್ನು ಹಿಂಡುವುದರಿಂದ ಗರ್ಭ ಬೀಳುವ ಭಯವಿದೆ. ಹೋತದೊಡನೆ ಬಿಟ್ಟ ದಿನ ನೆನಪಿದ್ದರೆ ಅದನ್ನೂ ತಿಳಿಸಬೇಕು.

ಹೊಟ್ಟೆ ತುಂಬಿದ ಆಡಿಗೆ ಮಂಪರು ಬಂದರೆ ಮೆಲುಕಿನ ಮೇವು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಯೂ ಉಬ್ಬರಿಸುತ್ತದೆ. ಅದಕ್ಕಾಗಿ ಬೆಳೆದ ಆಡಿಗೆ 12ರಿಂದ 24 ತಾಸು ಮೇವು ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಪ್ರೀತಿಯ ಆಡು ಉಪವಾಸವಿದೆಯೆಂದು ಮರುಗಿ, ದವಾಖಾನೆಗೆ ಹೊರಡುವಾಗ ಬಾಗಿಲಲ್ಲಿ ಒಂದು ಸಿವುಡು ಸೊಪ್ಪು ತಿನ್ನಿಸುವವರಿದ್ದಾರೆ. ಅದನ್ನು ಬಚ್ಚಿಟ್ಟರಂತೂ ಇನ್ನೂ ಕೆಟ್ಟದ್ದು. ಆದರೆ ಎಳೆಯ ಮರಿ, ದಿನ ತುಂಬಿದ ಆಡು, ಹಲವು ದಿನದಿಂದ ಏನೂ ತಿನ್ನದ ಆಡು ಇವುಗಳಿಗೆ ದೀರ್ಘ ಉಪವಾಸ ಹಾನಿಕರ. ಎಷ್ಟು ತಾಸು ಎಂಬುದನ್ನು ಹಿಂದಿನ ದಿನವೇ ಕೇಳಿ ತಿಳಿಯಬೇಕು.

ಮರಳಿ ಮನೆಗೆ

ಮಂಪರು ಪೂರ್ತಿ ಇಳಿಯುವವರೆಗೆ ಆಡನ್ನು ಅಡ್ಡ ಕೆಡವದೆ, ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲಿನ ಆಸರೆ ಕೊಟ್ಟು, ಜೊಲ್ಲು ಹೊರಗೆ ಹರಿಯುವಂತೆ ಮೂತಿಯನ್ನು ತುಸು ತಗ್ಗಿಸಿಡಬೇಕು. ಬಾಯಿ ಒಣಗಿದೆಯೆಂದು ಗೊಟ್ಟದಿಂದ ನೀರು, ಎಣ್ಣೆ, ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ಆಡು ಸಾಯುತ್ತದೆ. ಚಿಕಿತ್ಸೆ ಸರಿಯಾಗಿದ್ದರೂ ಆಡು ಕೈಬಿಡುವುದು ಹೀಗೆ. ದೋಷ ಮಾತ್ರ ಹಲ್ಲು ಉಜ್ಜಿದವರ ತಲೆಗೆ ಬರುತ್ತದೆ. ಆಡು ಎದ್ದು ಸ್ಥಿರವಾಗಿ ನಿಂತ ಮೇಲೆ ತಾನಾಗಿ ನೀರು ಕುಡಿಯಲಿ.

ಮುಂದಿನ ಏಳೆಂಟು ದಿನ ಸಣ್ಣಗೆ ಕತ್ತರಿಸಿದ ಕುದುರೆ ಮೆಂತೆ, ಎಳೆಯ ಸೊಪ್ಪು, ನೀರಿನಲ್ಲಿ ನೆನೆಸಿದ ಬೂಸಾ ಕೊಡಬೇಕು. ಒಣಗಿದೆಯಲ್ಲ, ಬೇಗ ಮೈತುಂಬಲಿ ಎಂದು ಒಮ್ಮೆಲೇ ಜೋಳದ ನುಚ್ಚು, ಅನ್ನ ಹೆಚ್ಚು ಹಾಕಿದರೆ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರಿ ಪ್ರಾಣಕ್ಕೆ ಬರುತ್ತದೆ. ಹಲ್ಲು ಕಿತ್ತಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ಕೇಳಬೇಕು. ಮನೆಯಲ್ಲಿ ಇಕ್ಕಳದಿಂದ ಹಲ್ಲು ಕೀಳುವುದು, ಊದಿದ ದವಡೆಗೆ ಬರೆ ಹಾಕುವುದು ಎಂದಿಗೂ ಕೂಡದು. ಹಲ್ಲಿನ ಬೇರು ಮುರಿದು ಒಳಗೆ ಉಳಿದರೆ ದವಡೆಯ ಎಲುಬೇ ಕೊಳೆಯುತ್ತದೆ.

ಮುದಿ ಆಡಿಗೆ ಇಷ್ಟೆಲ್ಲ ಮಾಡಬೇಕೆ ಎಂಬ ಪ್ರಶ್ನೆ ಬರುತ್ತದೆ. ಮುಂದಿನ ಹಲ್ಲು ಮಾತ್ರ ಹೋಗಿದ್ದರೆ, ಕತ್ತರಿಸಿದ ಮೇವಿನ ಮೇಲೆ ಅದು ಇನ್ನೂ ಹಲವು ಕಾಲ ಚೆನ್ನಾಗಿಯೇ ಇರುತ್ತದೆ. ದವಡೆಯ ಹಲ್ಲುಗಳೇ ಹೆಚ್ಚಿನವು ಹೋಗಿದ್ದರೆ ಅರೆದಂಥ ಮೆತ್ತನೆಯ ಮೇವನ್ನು ದಿನವೂ ಒದಗಿಸಲು ಸಾಧ್ಯವೇ ಎಂಬುದನ್ನು ಮನೆಯವರು ವೈದ್ಯರೊಡನೆ ಕೂತು ತೀರ್ಮಾನಿಸಬೇಕು. ಎದುರಿಗೆ ಮೇವಿದ್ದೂ ಹಸಿದು ಸೊರಗಲು ಬಿಡುವುದು ಮಾತ್ರ ಅಕ್ಕರೆಯಲ್ಲ.

ದವಾಖಾನೆಗೆ ಒಯ್ಯಲಾಗದಷ್ಟು ಆಡು ನಿತ್ರಾಣಗೊಂಡಿದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು. ಹಾಲು ಕೊಡುವ ಆಡಿಗೆ ಔಷಧ ಕೊಡಿಸಿದಾಗ ಎಷ್ಟು ದಿನ ಅದರ ಹಾಲನ್ನು ಮಕ್ಕಳಿಗೆ ಕೊಡಬಾರದೆಂಬುದನ್ನು ಚೀಟಿಯ ಮೇಲೆ ಬರೆಸಿಕೊಂಡು ಬರಬೇಕು.